ಅತ್ತೆಯವರೂ ಕೆಂಚನೂ ಕಾರು ಹತ್ತಿದ್ದು

"ಧರ್ಮರಾಯ ನಾಯಿ ಬಿಟ್ಟು ಇಂದ್ರನ ರಥಾನೇ ಹತ್ತಲಿಲ್ಲವಂತೆ. ನಿಮ್ಮ ಕಾರು ಯಾವ ಲೆಕ್ಕ?" ಎಂದು ಹೇಳಿ ನಮ್ಮತ್ತೆ ಅಡಿಗೆಮನೆಗೆ ಎದ್ದುಹೋದರು. ಅವರು ಹಾಗೆ ಎದ್ದುಹೋದರೆ ಮಾತು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಮೂವತ್ತು ವರ್ಷ ಸೊಸೆಯಾಗಿದ್ದು ನಾನು ಅಷ್ಟಾದರೂ ಕಲಿತಿದ್ದೇನೆ. ಮಗನಾಗಿ ಹುಟ್ಟಿದ ನಮ್ಮ ಯಜಮಾನರು ಮಾತ್ರ ಇನ್ನೂ ಕಲಿತಿಲ್ಲ. "ಅಲ್ಲಮ್ಮಾ, ಅದೊಂದು ನಾಯಿಗೋಸ್ಕರ..." ಎಂದು ಹಿಂದೆಯೇ ಹೋದರು. ಒಳಗಿನಿಂದ ಪಾತ್ರೆಯ ಸದ್ದು ಸ್ವಲ್ಪ ಜೋರಾಗಿ ಕೇಳಿಸಿತು. ಇವರು ಸುಮ್ಮನೆ ವಾಪಸು ಬಂದು ಜಗುಲಿಯ ಮೇಲೆ ಕೂತರು.

ವಿಷಯ ಏನೆಂದರೆ, ನಮ್ಮ ಮಾವನವರು 2021ರಲ್ಲಿ ತೀರಿಕೊಂಡ ಮೇಲೆ ಸಾಗರದ ಹತ್ತಿರದ ಆ ಒಂಟಿ ಮನೆಯಲ್ಲಿ ಅತ್ತೆಯವರು ಒಬ್ಬರೇ. ಒಬ್ಬರೇ ಎಂದರೆ ಅವರಿಗೆ ಸಿಟ್ಟು ಬರುತ್ತದೆ. "ಕೆಂಚ ಇಲ್ಲವೇನೇ?" ಅನ್ನುತ್ತಾರೆ. 2022ರ ಆಗಸ್ಟಿನಲ್ಲಿ, ಜಡಿಮಳೆಯ ಒಂದು ರಾತ್ರಿ, ಕರೆಂಟು ಹೋಗಿದ್ದಾಗ ಬಚ್ಚಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಫೋನು ನಡುಮನೆಯಲ್ಲಿ. ಎದ್ದು ಹೋಗುವ ಶಕ್ತಿ ಇಲ್ಲ. ಬೆಳಗಿನ ಜಾವದವರೆಗೂ ಕೆಂಚ ಬಿಟ್ಟೂಬಿಡದೆ ಬೊಗಳಿ, ಆಚೆ ತೋಟದ ಮನೆಯವರು "ಏನೋ ಆಗಿದೆ" ಎಂದು ಬ್ಯಾಟರಿ ಹಿಡಿದು ಬಂದರು. ಅಲ್ಲಿಯವರೆಗೆ ಅವರು ಒದ್ದೆ ನೆಲದ ಮೇಲೇ ಇದ್ದರು. ಆಮೇಲೆ ಡಾಕ್ಟರು, "ಇನ್ನೊಂದು ಮಳೆಗಾಲ ಇವರನ್ನು ಒಬ್ಬರೇ ಬಿಡಬೇಡಿ" ಎಂದು ಖಂಡಿತವಾಗಿ ಹೇಳಿದರು. ಅತ್ತೆಯವರೂ ಅಷ್ಟಿಷ್ಟು ಒಪ್ಪಿದರು. ಮಳೆಗಾಲ ನಾಲ್ಕು ತಿಂಗಳು ಬೆಂಗಳೂರಿನಲ್ಲಿ, ಆಮೇಲೆ ಊರಿಗೆ. ಆದರೆ ಕೆಂಚನೂ ಬರಬೇಕು. ಕೆಂಚ ಬಾರದಿದ್ದರೆ ತಾವೂ ಇಲ್ಲ.

ಕೆಂಚನೋ, ಕಾರು ಕಂಡರೆ ಅಟ್ಟದ ಏಣಿಯ ಕೆಳಗೆ ಹೋಗಿ ಅಡಗುವ ಪ್ರಾಣಿ. ಬೀದಿನಾಯಿಯೇ ಅನ್ನಿ, ಜಾತಿನಾಯಿ ಅಲ್ಲ. ಕೆಂಪು ಮೈ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿಕೊಂಡದ್ದು. ಮಾವನವರು ತಾಳಗುಪ್ಪದ ಹಾದಿಯಲ್ಲಿ ಸಿಕ್ಕಿದ ಮರಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ತಂದಿದ್ದರು. ಯಾರೋ ಕಾರಿನಿಂದ ಇಳಿಸಿ ಬಿಟ್ಟು ಹೋದರಂತೆ, ನೋಡಿದವರು ಹೇಳಿದರಂತೆ. ಅದಾದ ಮೇಲೆ ಅವನು ಕಾರು ಹತ್ತಿದ್ದು ಎರಡೇ ಸಲ, ಎರಡೂ ಸಲ ಸೂಜಿ ಚುಚ್ಚಿಸಲು. ಇನ್ನು ಮಾವನವರನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ದದ್ದೂ ಕಾರಿನಲ್ಲೇ. ಉಣುಗೋಲಿನ ತನಕ ಹಿಂದೆ ಓಡಿದ್ದನಂತೆ. "ಆ ಬಾಗಿಲು ಮುಚ್ಚಿಕೊಂಡು ಹೋದವರು ತಿರುಗಿ ಬರಲ್ಲ ಅಂತ ಅವನಿಗೆ ಗೊತ್ತು" ಎನ್ನುತ್ತಾರೆ ಅತ್ತೆ. ನಾನು ಅದನ್ನೆಲ್ಲ ಪೂರ್ತಿ ನಂಬುವವಳಲ್ಲ. ನಾಯಿಯ ಮನಸ್ಸಿನಲ್ಲಿ ನಮ್ಮ ಮನಸ್ಸನ್ನೇ ತುಂಬಿ ಓದುವುದು ನಮಗೆಲ್ಲ ಅಭ್ಯಾಸ. ಆದರೂ ಆ ಮಾತನ್ನು ಅವರು ಹೇಳುವಾಗ ನಾಯಿಯ ಬಗ್ಗೆ ಮಾತ್ರ ಹೇಳುತ್ತಿರಲಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ರೈಲಿನ ಯೋಚನೆಯನ್ನೂ ಮಾಡಿದೆವು. ಏ.ಸಿ. ಮೊದಲ ದರ್ಜೆಯಲ್ಲಿ ಇಡೀ ಕೂಪೆಯನ್ನೇ ಹಿಡಿದರೆ ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು, ಇಲ್ಲವಾದರೆ ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ಪೆಟ್ಟಿಗೆ ಎಂಬ ಮಾತು ಕೇಳಿದ್ದೇ ಅತ್ತೆಯವರ ಮುಖ ನೋಡಬೇಕಿತ್ತು! ಹಾಗಾಗಿ ಕಾರೇ ಗತಿ.

ಮೊದಲ ಪ್ರಯತ್ನ 2023ರ ಏಪ್ರಿಲ್ ಕೊನೆಯಲ್ಲಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮಂತೆ ಬೇರೆಯವರು ಮಾಡದಿರಲಿ. ಯಾರೋ ಹೇಳಿದರೆಂದು ಇವರು ಒಂದು ನಿದ್ದೆಮಾತ್ರೆಯ ಅರ್ಧವನ್ನು ಬೆಲ್ಲದಲ್ಲಿಟ್ಟು ತಿನ್ನಿಸಿದರು. ಗಂಟೆಯ ಮೇಲೆ ಕಾಲು ಸೋತು ಓಲಾಡತೊಡಗಿದ. ಪಕ್ಕದ ತೋಟದ ಹುಡುಗ ಮುಂಗಾಲು ಹಿಡಿದ, ಇವರು ಹಿಂಗಾಲು ಹಿಡಿದರು, ಅಂತೂ ಹಿಂದಿನ ಸೀಟಿಗೆ ಹೇರಿದರು. ಅತ್ತೆಯವರು ಪಕ್ಕದಲ್ಲಿ ಕೂತರು. ಹೊರಟಿತು ಸವಾರಿ. ಮೈಯೆಲ್ಲ ಬತ್ತಿಯಂತೆ ಬಿದ್ದಿದೆ, ಕಣ್ಣು ಮಾತ್ರ ಇಷ್ಟಗಲ ತೆರೆದಿದೆ. ಬಾಯಿಂದ ಜೊಲ್ಲು ಧಾರೆಯಾಗಿ ಸುರಿಯುತ್ತಿದೆ. ಸಾಗರ ದಾಟುವಷ್ಟರಲ್ಲಿ ಒಂದು ವಾಂತಿ, ಆನಂದಪುರ ಬರುವಷ್ಟರಲ್ಲಿ ಇನ್ನೆರಡು, ಅದರ ಮೇಲೆ ಉಚ್ಚೆ. ಅತ್ತೆಯವರ ಸೀರೆಯೆಲ್ಲ ಒದ್ದೆ. ಅವರು ಒಂದು ಮಾತೂ ಆಡಲಿಲ್ಲ. ಆನಂದಪುರದಲ್ಲಿ ಕಾರು ನಿಲ್ಲಿಸಿ ಇವರು ಹಿಂದಕ್ಕೆ ತಿರುಗಿ ನೋಡಿದಾಗ ಮೆಲ್ಲಗೆ ಕೇಳಿದರು: "ನಂಗೂ ಹೀಗೇ ಮಾತ್ರೆ ಕೊಟ್ಟು ಹೇರಿಕೊಂಡು ಹೋಗ್ತೀಯೇನೋ?"

ಕಾರು ತಿರುಗಿಸಿದೆವು.

ಮಾರನೆಯ ದಿನ ನಾನೊಬ್ಬಳೇ ಸಾಗರದ ಪಶುವೈದ್ಯರ ಹತ್ತಿರ ಹೋದೆ. ಮಾತ್ರೆಯ ವಿಷಯ ಕೇಳಿ ಅವರು ಸರಿಯಾಗಿ ಬೈದರು. ಬೈಸಿಕೊಳ್ಳಲು ನಾನು, ತಿನ್ನಿಸಿದವರು ಮನೆಯಲ್ಲಿ ಹಾಯಾಗಿ ಪೇಪರು ಓದುತ್ತಾ! ಮನುಷ್ಯರ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದಂತೆ. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೂಡ ಅವಕ್ಕೆ ವಿಷವಾಗಬಹುದು. ಇನ್ನು ಮತ್ತು ಬರಿಸುವ ಮಾತ್ರೆಗಳಲ್ಲಿ ಕೆಲವು ಮೈಯನ್ನು ಕಟ್ಟಿಹಾಕುತ್ತವೆ, ಭಯವನ್ನು ಅಲ್ಲ. "ಅಂದರೆ ಓಡಿಹೋಗೋಕೂ ಆಗದೆ, ಹೆದರಿಕೆಯನ್ನು ಪೂರ್ತಿ ಅನುಭವಿಸಿಕೊಂಡು ಬಿದ್ದಿತ್ತಮ್ಮಾ" ಎಂದರು. ನನಗೆ ಆ ಅಗಲವಾದ ಕಣ್ಣು ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಕಿವಿಯ ಒಳಭಾಗದಲ್ಲಿ ಮೈಯ ಸಮತೋಲ ತಿಳಿಸುವ ಒಂದು ಅಂಗವಿದೆ, ನಮಗೂ ಇದೆ. ಕಾರಿನಲ್ಲಿ ಕೂತಾಗ ಅದು "ಚಲಿಸುತ್ತಿದ್ದೇವೆ" ಎನ್ನುತ್ತದೆ. ಕಣ್ಣು ಎದುರಿಗಿರುವ ಸೀಟನ್ನು ನೋಡಿ "ಇಲ್ಲ, ನಿಂತಿದ್ದೇವೆ" ಎನ್ನುತ್ತದೆ. ಈ ಎರಡರ ಜಗಳದಲ್ಲಿ ಬರುವುದೇ ಹೊಟ್ಟೆ ತೊಳಸು. ಮರಿಗಳಲ್ಲಿ ಆ ಅಂಗ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ತೊಂದರೆ ಹೆಚ್ಚು. ದೊಡ್ಡದಾದ ಮೇಲೆ ಎಷ್ಟೋ ನಾಯಿಗಳಿಗೆ ಅದು ತಾನಾಗಿ ಹೋಗುತ್ತದೆ. ಆದರೆ ನೆನಪು ಹೋಗುವುದಿಲ್ಲ. ಕಾರು ಎಂದರೆ ಸಂಕಟ ಎಂದು ಮನಸ್ಸಿನಲ್ಲಿ ಕೂತುಬಿಟ್ಟರೆ, ಇಂಜಿನ್ ಶುರುವಾಗುವ ಮೊದಲೇ ಜೊಲ್ಲು, ಆಕಳಿಕೆ, ತುಟಿ ನೆಕ್ಕುವುದು, ನಡುಕ, ಎಲ್ಲ ಬರುತ್ತದೆ. ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿಯ ನಾಯಿಗಳ ಕಥೆಯನ್ನು ಶಾಲೆಯಲ್ಲಿ ಓದಿದ್ದೀರಲ್ಲ? ಜೀರ್ಣಕ್ರಿಯೆಯ ಕೆಲಸಕ್ಕೆ 1904ರಲ್ಲಿ ನೊಬೆಲ್ ಬಹುಮಾನ ಪಡೆದವರು. ಅವರ ನಾಯಿಗಳು ಊಟದ ಸೂಚನೆ ಸಿಕ್ಕಿದ ಕೂಡಲೇ ಆಸೆಯಿಂದ ಜೊಲ್ಲು ಸುರಿಸಿದವು. ನಮ್ಮ ಕೆಂಚ ಕಾರಿನ ಬಾಗಿಲು ಕಂಡ ಕೂಡಲೇ ಸಂಕಟದಿಂದ ಸುರಿಸುತ್ತಿದ್ದ. ಉಪಾಯವೂ ಅಲ್ಲೇ ಇದೆ ಎಂದರು ಡಾಕ್ಟರು: ಕಾರಿನ ಜೊತೆ ಸಂಕಟದ ಬದಲು ಸಂತೋಷವನ್ನು ಗಂಟುಹಾಕಬೇಕು. ಆದರೆ ಚೂರುಚೂರೇ, ಅದಕ್ಕೆ ಹೆದರಿಕೆ ಹುಟ್ಟದಷ್ಟು ನಿಧಾನ.

"ಎಷ್ಟು ದಿನ ಬೇಕು?" ಎಂದೆ.

"ಅದು ಹೇಳಿದಷ್ಟು ದಿನ" ಎಂದರು.

ಇವರಿಗೆ ರಜೆ ಇಲ್ಲ. ಕಾರು ನನ್ನ ಹತ್ತಿರ ಬಿಟ್ಟು ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ನಾನು ನಲವತ್ತೆಂಟನೆಯ ವಯಸ್ಸಿಗೆ ಕಾರು ಕಲಿತವಳು, ತರಕಾರಿ ಮಾರ್ಕೆಟ್ಟಿನಿಂದ ಆಚೆಗೆ ಒಬ್ಬಳೇ ಓಡಿಸಿದ್ದು ಕಡಿಮೆ. ಹೀಗೆ ಹೆದರುವವರು ಮೂವರು ಒಂದೇ ಮನೆಯಲ್ಲಿ ಸೇರಿದೆವು.

ಕಾರನ್ನು ಅಂಗಳದ ಮೂಲೆಯಲ್ಲಿ ಹಲಸಿನ ಮರದ ನೆರಳಿಗೆ ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದಿಟ್ಟೆ. ಕರೆಯುವುದಿಲ್ಲ, ಎಳೆಯುವುದಿಲ್ಲ, ಮುದ್ದುಗರೆಯುವುದೂ ಇಲ್ಲ. ಅವನ ಅನ್ನದ ತಟ್ಟೆಯನ್ನು ಮಾತ್ರ ಕಾರಿನಿಂದ ಹತ್ತು ಮಾರು ದೂರದಲ್ಲಿ ಇಡುವುದು. ಮೊದಲ ದಿನ ತಿನ್ನಲೇ ಇಲ್ಲ. ಎರಡನೆಯ ದಿನ ಕಾರಿನ ಕಡೆಗೆ ಒಂದು ಕಣ್ಣಿಟ್ಟು ಗಬಗಬ ತಿಂದು ಓಡಿದ. ನಾಲ್ಕನೆಯ ದಿನಕ್ಕೆ ಎಂಟು ಮಾರು. ಆತುರಪಟ್ಟು ನಾನು ಒಮ್ಮೆಲೇ ಮೂರು ಮಾರಿಗೆ ಇಟ್ಟೆ. ಅವತ್ತು ಪುನಃ ಉಪವಾಸ. "ಸಾರಿಗೆ ಉಪ್ಪು ಹಾಕಿದ ಹಾಗೆ ಮಾಡಬೇಕು ಕಣೇ, ಒಂದೇ ಸಲ ಸುರಿದರೆ ತೆಗೆಯೋಕಾಗುತ್ತಾ?" ಎಂದರು ಅತ್ತೆ.

ಇನ್ನು ಆಸೆ ತೋರಿಸುವ ತಿಂಡಿಯ ಪ್ರಶ್ನೆ. ಬೇರೆ ಯಾವ ಹೊತ್ತಿನಲ್ಲೂ ಸಿಗದ, ಕಾರಿನ ಹತ್ತಿರ ಮಾತ್ರ ಸಿಗುವ ಒಂದು ರುಚಿ ಬೇಕು. ಬೇಯಿಸಿದ ಕೋಳಿ ಎಲ್ಲಕ್ಕಿಂತ ಒಳ್ಳೆಯದು, ಆಗದಿದ್ದರೆ ಮೊಟ್ಟೆ ಎಂದಿದ್ದರು ಡಾಕ್ಟರು. ನಮ್ಮತ್ತೆಯವರದು ಮೊಟ್ಟೆ ಹೊಸಿಲು ದಾಟದ ಮನೆ. ಕೆಂಚನಿಗೆ ಪ್ರಾಣವಾದದ್ದು ಹಲಸಿನ ಹಪ್ಪಳ, ಆದರೆ ಅದರ ಉಪ್ಪು ಖಾರ ನಾಯಿಗೆ ಒಳ್ಳೆಯದಲ್ಲ. ಅತ್ತೆಯವರು ಪಾಯಸಕ್ಕಿಟ್ಟಿದ್ದ ಒಣದ್ರಾಕ್ಷಿಯ ಡಬ್ಬಿ ತಂದರು. ಅಯ್ಯೋ, ದ್ರಾಕ್ಷಿ ಬೇಡವೇ ಬೇಡ! ಹಸಿಯೋ ಒಣಗಿದ್ದೋ, ದ್ರಾಕ್ಷಿ ತಿಂದು ನಾಯಿಗಳ ಮೂತ್ರಪಿಂಡ ಕೆಡುವುದುಂಟು. ಚಾಕೊಲೇಟು, ಈರುಳ್ಳಿ ಕೂಡ ಹಾಗೇ, ಕೊಡಬಾರದ್ದು. ಕೊನೆಗೆ ಹೊಳೆದದ್ದು ಪನೀರು. ಒಂದು ಲೀಟರ್ ಹಾಲು ಕುದಿಸಿ, ಒಂದು ನಿಂಬೆಹಣ್ಣಿನ ರಸ ಹಿಂಡಿ ಒಡೆಸಿ, ತೆಳುಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವಂತೆ ನೀರು ಹೊಯ್ದು ಹಿಂಡಿ, ಗಂಟುಕಟ್ಟಿ ಗುಂಡುಕಲ್ಲಿನ ಅಡಿಗೆ ಒಂದು ಗಂಟೆ ಇಡುವುದು. ಉಪ್ಪು ಬೇಡ. ಆಮೇಲೆ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸುವುದು. ಚೂರು ದೊಡ್ಡದಾದರೆ ಹೊಟ್ಟೆ ತುಂಬಿ ಆಸೆ ಹೋಗುತ್ತದೆ, ಭೇದಿಯೂ ಆದೀತು. "ನಾಯಿಗೆ ಪನೀರು! ನನ್ನ ಮದುವೆಯಲ್ಲೂ ಮಾಡಿರಲಿಲ್ಲ ಮಾರಾಯ್ತಿ" ಎಂದು ಅತ್ತೆಯವರು ಮೂಗಿನ ಮೇಲೆ ಬೆರಳಿಟ್ಟರು. ಆದರೆ ಎರಡನೆಯ ದಿನದಿಂದ ಹಾಲು ಒಡೆಸಿದವರು ಅವರೇ.

ಪರಿಚಿತವಾದ ವಾಸನೆ ಇದ್ದರೆ ನಾಯಿಗೆ ಧೈರ್ಯ ಬರುತ್ತದೆ ಎಂದೂ ಡಾಕ್ಟರು ಹೇಳಿದ್ದರು. ಮಾವನವರ ಕಂಬಳಿಯ ಮೇಲೇ ಕೆಂಚ ಮಲಗುತ್ತಿದ್ದದ್ದು. ಅದನ್ನೇ ಹಿಂದಿನ ಸೀಟಿಗೆ ಹಾಸೋಣವೆಂದುಕೊಂಡೆ. ಕೈಗೆತ್ತಿಕೊಂಡರೆ ಧೂಳು, ಕೂದಲು, ಹೊಗೆ ವಾಸನೆ. ಅತ್ತೆಯವರು ತೋಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಸೋಪಿನಪುಡಿಯಲ್ಲಿ ನೆನೆಹಾಕಿ, ಹೊಂಡದ ಕಲ್ಲಿನ ಮೇಲೆ ಚೆನ್ನಾಗಿ ಕುಕ್ಕಿ ಒಗೆದು, ತಂತಿಯ ಮೇಲೆ ಹರವಿದೆ. ನನ್ನ ಬುದ್ಧಿಗೆ ಏನೆನ್ನಬೇಕು! ವಾಸನೆಗಾಗಿ ಬೇಕಾಗಿದ್ದ ಕಂಬಳಿಯನ್ನು ವಾಸನೆ ಹೋಗುವ ಹಾಗೆ ಒಗೆದಿದ್ದೆ.

ಅತ್ತೆಯವರು ಬಂದು ತಂತಿಯ ಮುಂದೆ ನಿಂತರು. ಕಂಬಳಿಯ ಅಂಚನ್ನು ಹಿಡಿದು ಮುಖದ ಹತ್ತಿರ ತಂದರು. ಬಿಟ್ಟರು. ಏನೂ ಹೇಳದೆ ಒಳಗೆ ಹೋದರು. ಎರಡು ವರ್ಷದಿಂದ ಆ ಕಂಬಳಿಯನ್ನು ಏಕೆ ಒಗೆದಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಸೋಮಾರಿತನ ಎಂದುಕೊಂಡಿದ್ದೆ ನಾನು. ಅವತ್ತು ರಾತ್ರಿ ಊಟಕ್ಕೆ ಕೂತಾಗ, "ಅತ್ತೆ, ನಂಗೆ ಗೊತ್ತಾಗಲಿಲ್ಲ" ಎಂದೆ. ಅವರು ಮಜ್ಜಿಗೆ ಬಡಿಸಿದರು. "ಒಗೀಲೇಬೇಕಿತ್ತು ಬಿಡು" ಎಂದರು. ಗಂಟಲು ಸರಿಯಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರು ದಿನ ಬಿಟ್ಟು ಒಂದು ಬೆಳಿಗ್ಗೆ ನೋಡುತ್ತೇನೆ, ಅತ್ತೆಯವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ! ಪಕ್ಕದಲ್ಲಿ ಮಾವನವರ ಹಳೆಯ ಬೂದು ಸ್ವೆಟರು. ಟ್ರಂಕಿನ ತಳದಿಂದ ಅವರೇ ತೆಗೆದದ್ದು. ಕಲ್ಲು ಆರಿಸುತ್ತಾ, ಏನೋ ಗುನುಗುತ್ತಾ, ಕೆಂಚನ ಕಡೆಗೆ ನೋಡದೆಯೇ ಕೂತಿದ್ದಾರೆ. ಕೆಂಚ ಅಂಗಳದಲ್ಲಿ ಮೂರು ಸುತ್ತು ಹಾಕಿದ. ಬಾಗಿಲ ಹತ್ತಿರ ಬಂದು ಕತ್ತು ಚಾಚಿ ಸ್ವೆಟರನ್ನು ಮೂಸಿದ. ಮುಂಗಾಲು ಎರಡೂ ಒಳಗಿಟ್ಟ. ಅತ್ತೆಯವರು ಕಡಲೆಕಾಳಿನಷ್ಟು ಪನೀರನ್ನು ಸೀಟಿನ ಅಂಚಿನಲ್ಲಿಟ್ಟು ಮತ್ತೆ ಅಕ್ಕಿಗೆ ಕೈಹಾಕಿದರು. ನಾನು ಜಗುಲಿಯ ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ.

ಅಲ್ಲಿಂದ ಮುಂದೆ ಅದೇ ಅವರ ದಿನಚರಿಯಾಯಿತು. ಕಾಫಿ ಕಾರಿನಲ್ಲಿ, ಪೇಪರು ಕಾರಿನಲ್ಲಿ, ಬೀನ್ಸ್ ಹೆಚ್ಚುವುದು ಕಾರಿನಲ್ಲಿ. ದಾರಿಯಲ್ಲಿ ಹೋಗುವವರು, "ಏನು ಅಮ್ಮಾ, ಎಲ್ಲಿಗೆ ಪ್ರಯಾಣ?" ಎಂದು ನಗುತ್ತಿದ್ದರು. "ಬೆಂಗಳೂರಿಗೆ, ನಿಧಾನವಾಗಿ ಹೋಗ್ತಾ ಇದ್ದೀವಿ" ಎನ್ನುತ್ತಿದ್ದರು ಅತ್ತೆ. ನನಗೆ ತಡವಾಗಿ ತಿಳಿದದ್ದು ಇಷ್ಟು: ಮಾವನವರು ಹೋದ ಮೇಲೆ, ಆ ಆನಂದಪುರದ ಅವಾಂತರ ಬಿಟ್ಟರೆ, ಅವರೂ ಕಾರಿನಲ್ಲಿ ಕೂತಿರಲಿಲ್ಲ. ಸಾಗರಕ್ಕೆ ಹೋಗಬೇಕಾದರೆ ಬಸ್ಸೇ. ಬಾಗಿಲು ಮುಚ್ಚಿದರೆ ಅವರಿಗೂ ಎದೆ ಢವಢವ ಎನ್ನುತ್ತಿತ್ತಂತೆ. ಇದನ್ನು ಅವರು ಹೇಳಿದ್ದು ಬೀನ್ಸ್ ನಾರು ತೆಗೆಯುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಆಮೇಲಿನದು ಬೇಗ ಹೇಳುತ್ತೇನೆ. ಬಾಗಿಲು ಒಂದು ಮುಚ್ಚುವುದು, ಪನೀರು, ತೆಗೆಯುವುದು. ಎರಡು ಬಾಗಿಲು. ನಾಲ್ಕೂ ಬಾಗಿಲು. ಇಂಜಿನ್ ಶುರುಮಾಡಿ ಹತ್ತೆಣಿಸಿ ಆರಿಸುವುದು. ಅದು ಸಲೀಸಾದ ಮೇಲೆ ಉಣುಗೋಲಿನವರೆಗೆ ಹೋಗಿ ಬರುವುದು. ಆಕಳಿಸಿದರೆ, ತುಟಿ ನೆಕ್ಕಿದರೆ, ಕಿವಿ ಹಿಂದಕ್ಕೆ ಒತ್ತಿದರೆ, ನಾವು ಹೆಚ್ಚಾಗಿ ಮುಂದೆ ಹೋಗಿದ್ದೇವೆ ಎಂದು ಅರ್ಥ. ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ಬೈಯಬಾರದು. ಹಾಗೆಂದು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎನ್ನುವುದೂ ಸುಳ್ಳಂತೆ. ಹತ್ತಿರ ಬಂದು ಒರಗಿದರೆ ಧಾರಾಳವಾಗಿ ಮೈದಡವಬಹುದು. ಒಂದು ದಿನ ಎದುರಿಗೆ ಬಂದ ಟೆಂಪೋದವನು ಕಿವಿ ಕಿತ್ತುಹೋಗುವಂತೆ ಹಾರನ್ ಹೊಡೆದ. ನಾಲ್ಕು ದಿನದ ಕೆಲಸ ನೀರುಪಾಲು! ಪುನಃ ಬಾಗಿಲು ತೆಗೆದಿಟ್ಟು ಅಕ್ಕಿ ಆರಿಸುವುದರಿಂದ ಆರಂಭ.

ಮೇ ಕೊನೆಗೆ ಇಕ್ಕೇರಿಯವರೆಗೆ ಹೋದೆವು. ಆ ಸವಾರಿಯ ಉದ್ದೇಶ ಬೇರೇನೂ ಇಲ್ಲ. ಕಾರು ಹತ್ತಿದರೆ ಸೂಜಿಯ ಆಸ್ಪತ್ರೆ ಮಾತ್ರವಲ್ಲ, ಹುಲ್ಲು, ಮರ, ಮೂಸಲು ಹೊಸ ಹೊಸ ವಾಸನೆ ಇರುವ ಜಾಗವೂ ಬರುತ್ತದೆ ಎಂದು ಅವನಿಗೆ ಗೊತ್ತಾಗಬೇಕು. ಅತ್ತೆಯವರು ಅಘೋರೇಶ್ವರನಿಗೆ ಕೈಮುಗಿದು ಬರುವವರೆಗೆ ನಾನೂ ಕೆಂಚನೂ ಹೊರಗೆ ಮರದ ಕೆಳಗೆ ಕಾದೆವು. ಹಿಂತಿರುಗುವಾಗ ಅವನು ಸೀಟಿನ ಮೇಲೆ ಮುದುರಿ ಮಲಗಿದ. ನಡುಗುತ್ತಿರಲಿಲ್ಲ, ಮಲಗಿದ್ದ! ಸಂತೋಷದಲ್ಲಿ ನಾನು ನಮ್ಮ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟೆ.

ಆ ವರ್ಷ ಮಳೆಯೂ ನಮಗೆ ಸಹಾಯ ಮಾಡಿತು ಅನ್ನಿ. ಕೇರಳಕ್ಕೆ ಮುಂಗಾರು ಮುಟ್ಟಿದ್ದೇ 2023ರ ಜೂನ್ 8ಕ್ಕೆ. ಇವರು ಬಂದರು. ಜೂನ್ ಎರಡನೆಯ ವಾರದ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ, ತಂಪು ಹೊತ್ತಿನಲ್ಲಿ ಹೊರಟೆವು. 350 ಕಿಲೋಮೀಟರಿಗೂ ಮೇಲಿನ ದಾರಿ. ಹಿಂದಿನ ರಾತ್ರಿ ಎಂಟಕ್ಕೇ ಕೆಂಚನಿಗೆ ಸ್ವಲ್ಪ ಮೊಸರನ್ನ. ಹೊಟ್ಟೆ ತುಂಬಿ ಕಾರು ಹತ್ತಿಸಬಾರದು, ಮೂರು ನಾಲ್ಕು ಗಂಟೆಯಾದರೂ ಅಂತರ ಬೇಕು. ನೀರು ಮಾತ್ರ ಬೇಕಾದಾಗ ಕೊಡುವುದು. ಹೊರಡುವ ಎರಡು ಗಂಟೆ ಮೊದಲು ಪಶುವೈದ್ಯರು ಅವನ ತೂಕ ನೋಡಿ ಬರೆದುಕೊಟ್ಟಿದ್ದ ವಾಂತಿ ತಡೆಯುವ ಮಾತ್ರೆ, ಮರೋಪಿಟಾಂಟ್ ಎಂಬುದು. ಅದು ಹೊಟ್ಟೆ ತೊಳಸಿಗೆ ಮಾತ್ರ, ಹೆದರಿಕೆಗಲ್ಲ. ಹೆದರಿಕೆಯ ಕೆಲಸವನ್ನು ಅತ್ತೆಯವರ ಮೊರ ಮಾಡಿಯಾಗಿತ್ತು.

ಕುತ್ತಿಗೆಪಟ್ಟಿಗೆ ಹಗ್ಗ ಕಟ್ಟಿ ಕಾರಿನಲ್ಲಿ ಕೂರಿಸಬಾರದು. ಬ್ರೇಕ್ ಹಾಕಿದರೆ ಕತ್ತಿಗೆ ಪೆಟ್ಟು. ಎದೆಗೆ ಸುತ್ತುವ ಪಟ್ಟಿ, ಹಾರ್ನೆಸ್ ಎನ್ನುತ್ತಾರೆ, ಅದನ್ನು ತೊಡಿಸಿ ಸೀಟುಬೆಲ್ಟಿಗೆ ಸಿಕ್ಕಿಸುವ ತುಂಡು ಸಿಗುತ್ತದೆ. ಇದನ್ನೂ ಮನೆಯಲ್ಲಿ ವಾರ ಮೊದಲೇ ತೊಡಿಸಿ ರೂಢಿ ಮಾಡಿದ್ದೆವು. ಮುಂದಿನ ಸೀಟು ನಾಯಿಗೆ ಬೇಡ, ಗಾಳಿಚೀಲ ಬಿಚ್ಚಿಕೊಂಡರೆ ಅಪಾಯ. ಕಿಟಕಿ ಎರಡು ಬೆರಳಷ್ಟು ಇಳಿಸಿದರೆ ಸಾಕು, ತಲೆ ಹೊರಗೆ ಹಾಕಲು ಬಿಟ್ಟರೆ ಕಣ್ಣಿಗೆ ಧೂಳು ಕಲ್ಲು ಬಡಿಯುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸುವುದು. ಬಾಗಿಲು ತೆಗೆಯುವ ಮೊದಲು ಹಗ್ಗ ಕೈಯಲ್ಲಿರಬೇಕು. ಹೆದ್ದಾರಿಯ ಬದಿಯಲ್ಲಿ ನಾಯಿ ತಪ್ಪಿಸಿಕೊಂಡರೆ ಆಮೇಲೆ ದೇವರೇ ಗತಿ. ಅವನ ಕತ್ತಿಗೆ ನಮ್ಮ ಫೋನ್ ನಂಬರಿನ ಬಿಲ್ಲೆಯನ್ನೂ ಹಾಕಿದ್ದೆವು.

ಆನಂದಪುರ ಬಂದಾಗ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ದಾಟಿತು. ಶಿವಮೊಗ್ಗ ದಾಟಿತು. ಭದ್ರಾವತಿಯ ಆಚೆ ಬೆಳಕು ಹರಿಯಿತು. ತರೀಕೆರೆ ಬಿಟ್ಟು ಸ್ವಲ್ಪ ದೂರದಲ್ಲಿ ಹಿಂದಿನಿಂದ, "ನಿಲ್ಲಿಸೋ, ನಿಲ್ಲಿಸೋ" ಎಂಬ ಕೂಗು. ಗಾಬರಿಯಿಂದ ನಿಲ್ಲಿಸಿದರೆ ವಾಂತಿ ಬಂದದ್ದು ಕೆಂಚನಿಗಲ್ಲ, ಅತ್ತೆಯವರಿಗೆ! ಕೆಂಚ ಅವರ ಮುಖವನ್ನು ಬಲು ಕಾಳಜಿಯಿಂದ ನೋಡುತ್ತಿದ್ದ. "ಅವನಿಗೆ ಮಾತ್ರೆ ಕೊಟ್ರಿ, ನನ್ನನ್ನು ಕೇಳಿದವರ್ಯಾರು?" ಎಂದು ಅತ್ತೆ ಬಾಯಿ ಮುಕ್ಕಳಿಸಿ ನಕ್ಕರು. ನಿಂಬೆಹಣ್ಣು ಮೂಸುತ್ತಾ, ಶುಂಠಿ ಚೂರು ಬಾಯಲ್ಲಿಟ್ಟುಕೊಂಡು ಉಳಿದ ದಾರಿ ಸಾಗಿಸಿದರು.

ತಿಪಟೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಇವರು, "ಹತ್ತು ನಿಮಿಷ ತಾನೇ, ಕಿಟಕಿ ಚೂರು ತೆಗೆದು ಅದನ್ನು ಒಳಗೇ ಬಿಟ್ಟು ಹೋಗೋಣ" ಎಂದರು. ಇಲ್ಲಿ ನಾನು ಖಂಡಿತ ಒಪ್ಪಲಿಲ್ಲ. ಹೊರಗೆ 24 ಡಿಗ್ರಿ ಸೆಲ್ಸಿಯಸ್‌ನ ಹಿತವಾದ ಹವೆ ಇದ್ದರೂ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 34, ಅರ್ಧ ಗಂಟೆಗೆ 43ರವರೆಗೆ ಏರುತ್ತದೆ. ಕಿಟಕಿ ಚೂರು ತೆಗೆದರೂ ಹೆಚ್ಚೇನೂ ಇಳಿಯದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಡುವುದೇ ಅದರ ಫ್ಯಾನು. 1957ರಲ್ಲಿ ರಷ್ಯಾದವರು ಮಾಸ್ಕೋದ ಬೀದಿನಾಯಿ ಲೈಕಾಳನ್ನು ಅಂತರಿಕ್ಷಕ್ಕೆ ಕಳಿಸಿದರಲ್ಲ? ಅವಳಿಗೂ ದಿನಗಟ್ಟಲೆ ಸಣ್ಣ ಸಣ್ಣ ಗೂಡಿನಲ್ಲಿ ಕೂತು ರೂಢಿ ಮಾಡಿಸಿದ್ದರು. ಆದರೆ ಅವಳು ಮೇಲೇರಿದ ಕೆಲವೇ ಗಂಟೆಗಳಲ್ಲಿ ಸತ್ತದ್ದು ಒಳಗಿನ ಸೆಕೆಯಿಂದ ಎಂದು 2002ರಲ್ಲಿ ಹೊರಗೆ ಬಂತು. ಹಿಂದಿರುಗಿ ತರುವ ಏರ್ಪಾಡು ಮೊದಲಿಗೇ ಇರಲಿಲ್ಲ. ಅದನ್ನು ಓದಿದಾಗಿನಿಂದ ಮುಚ್ಚಿದ ಕಾರಿನಲ್ಲಿ ನಾಯಿ ಕಂಡರೆ ನನಗೆ ತಡೆಯುವುದಿಲ್ಲ. ನಾವು ಸರದಿಯ ಮೇಲೆ ಇಡ್ಲಿ ತಿಂದೆವು. ಕೆಂಚ ತೆಂಗಿನ ಮರದ ನೆರಳಿನಲ್ಲಿ ನೀರು ಕುಡಿದ.

ಬೆಂಗಳೂರಿನ ಗಲಾಟೆಯಲ್ಲಿ ಸ್ವಲ್ಪ ನಡುಗಿದ, ನಿಜ. ನೆಲಮಂಗಲದಿಂದ ಮುಂದೆ ಲಾರಿಗಳ ನಡುವೆ ಅತ್ತೆಯವರ ತೊಡೆಯ ಮೇಲೆ ತಲೆ ಇಟ್ಟವನು ಎತ್ತಲಿಲ್ಲ. ಅಂತೂ ಮಧ್ಯಾಹ್ನ ಎರಡಕ್ಕೆ ಮನೆ ಮುಟ್ಟಿದೆವು. ಬಾಗಿಲು ತೆಗೆದರೆ, ಇಳಿಯಲೊಲ್ಲ! ಆರು ವಾರ ಹತ್ತಿಸಲು ಪಟ್ಟ ಪಾಡು ಇಳಿಸಲು ಶುರುವಾಯಿತು. ಹೊಸ ನೆಲ, ಹೊಸ ವಾಸನೆ, ಮೇಲೆ ನಾಲ್ಕು ಮಹಡಿ. ಅವನಿಗೆ ಪರಿಚಯವಿರುವುದು ಆ ಸೀಟು ಮಾತ್ರ. ಇವರು ಹಗ್ಗ ಹಿಡಿದು ಎಳೆಯಲು ಹೋದರು. "ಬಿಡೋ, ಅವನಿಗೆ ಅವಸರವಿಲ್ಲ, ನಂಗೂ ಇಲ್ಲ" ಎಂದು ಅತ್ತೆಯವರು ಮತ್ತೆ ಒಳಗೆ ಕೂತರು. ವಾಚ್‌ಮನ್ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿ ಹೋದ. ನಾನು ಮೇಲಿನಿಂದ ಕಾಫಿ ತಂದುಕೊಟ್ಟೆ. ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಇಳಿದರು. ಅತ್ತೆಯವರ ಹೆಗಲಿನ ಮೇಲೆ ಸ್ವೆಟರು ಇತ್ತು.

ನವೆಂಬರಿನಲ್ಲಿ ದೀಪಾವಳಿಗೆ ಊರಿಗೆ ಹೊರಟಾಗ ಬೀಗದ ಕೈ ಸದ್ದಿಗೇ ಕೆಂಚ ಓಡಿಬಂದು ಕಾರಿನ ಬಾಗಿಲಿಗೆ ಮೂಗು ಹಚ್ಚಿ ನಿಂತ. ಸಾಗರ ಬಿಟ್ಟು ನಮ್ಮ ತಿರುವಿಗೆ ಬಂದಾಗ ಮಲಗಿದ್ದವನು ಎದ್ದು ಕೂತು ಸಣ್ಣಗೆ ಕುಂಯ್‌ಗುಟ್ಟಿದ. ಅತ್ತೆಯವರು ಕಿಟಕಿ ಇಳಿಸಿದರು. ಅಷ್ಟೂ ದಾರಿಯಲ್ಲಿ ಅವರಿಗೆ ಒಂದು ಸಲವೂ ವಾಂತಿ ಆಗಿರಲಿಲ್ಲ. ಈ ಬಾರಿ ಅವರಿಗೂ ಮಾತ್ರೆ ತಂದಿದ್ದೆ, ಅವರ ಡಾಕ್ಟರನ್ನು ಕೇಳಿಯೇ.

ಆಮೇಲೆ ಪ್ರತಿ ಮಳೆಗಾಲಕ್ಕೂ ಇಬ್ಬರೂ ಬರುತ್ತಾರೆ. ಆ ಸ್ವೆಟರು ಹಿಂದಿನ ಸೀಟಿನ ಮೇಲೇ ಇರುತ್ತದೆ. ಕಾರಿನಲ್ಲಿ ನಾಯಿ ವಾಸನೆ ಎಂದು ಮಗಳು ಗೊಣಗುತ್ತಾಳೆ, ಒಗೆದು ಹಾಕಮ್ಮಾ ಎನ್ನುತ್ತಾಳೆ. ನಾನು ಒಗೆದಿಲ್ಲ.